ಧ್ಯಾನಕ್ಕೆ ಕುಳಿತ ಹನುಮ
ಯೋಗವೆಂದರೆ ಮೈ ಪಳಗಿಸುವ ಕಸರತ್ತು, ಭಕ್ತಿಗೂ ಅದಕ್ಕೂ ನಂಟಿಲ್ಲ ಎಂಬ ಲೇಖನವೊಂದರ ವಾದವನ್ನು ಒಪ್ಪಲಾಗದು. ಪತಂಜಲಿಯ ಸುಮಾರು 195 ಯೋಗಸೂತ್ರಗಳಲ್ಲಿ ಆಸನವನ್ನು ವಿವರಿಸುವುದು 3 ಮಾತ್ರ. ದೇವರಿಗೆ ಶರಣಾಗುವ ಈಶ್ವರಪ್ರಣಿಧಾನದ ಮಾತು 4 ಕಡೆ ಬರುತ್ತದೆ. ಅಷ್ಟು ದೂರವೇಕೆ? ಆನೆಗುಂದಿಯ ನವವೃಂದಾವನದಲ್ಲಿ ನೆಲೆಸಿರುವ ಯತಿ ವ್ಯಾಸರಾಯರು ಹೊಳೆಯಾಚೆಯ ಹಂಪಿಯಲ್ಲಿ ಪ್ರತಿಷ್ಠಾಪಿಸಿದರೆಂದು ಪರಂಪರೆ ನಂಬುವ ಯಂತ್ರೋದ್ಧಾರಕ ಹನುಮ ಗದೆ ಎತ್ತಿ ನಿಂತಿಲ್ಲ. ಷಟ್ಕೋನದ ನಡುವೆ ಪದ್ಮಾಸನ ಹಾಕಿ ಧ್ಯಾನಕ್ಕೆ ಕುಳಿತಿದ್ದಾನೆ. ಭಕ್ತರಲ್ಲೆಲ್ಲ ಹಿರಿಯನನ್ನೇ ಯೋಗಿಯಾಗಿ ಕಡೆದ ಈ ಕಲ್ಲಿಗೆ ಲೇಖಕರ ಬಳಿ ಉತ್ತರವೇನಿದೆ?

ವಚನಕಾರರು ದೇಹದಂಡನೆಯನ್ನು ಹಳಿದರಲ್ಲ ಎನ್ನಬಹುದು. ನಿಜ, ಆದರೆ ಚಿತ್ತದ ಏಕಾಗ್ರತೆಯನ್ನು ಅವರು ಕೈಬಿಡಲಿಲ್ಲ. ಎಡ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕೂರುವುದಕ್ಕೆ ಶಿವಯೋಗವೆಂದೇ ಹೆಸರು. ಕೊಪ್ಪಳ ಸೀಮೆಯ ಎಷ್ಟೋ ಮನೆಗಳಲ್ಲಿ ಬೆಳಗಿನ ಪೂಜೆ ಇಂದಿಗೂ ಹೀಗೇ ನಡೆಯುತ್ತದೆ.