ಪೆಟೂನಿಯ ಬೀಜ: ಚಿತ್ರ ನೋಡಿ ಕೊಳ್ಳಬೇಡಿ, ತಳಿ ನೋಡಿ ಕೊಳ್ಳಿ

ಹತ್ತಿ, ತೊಗರಿ, ಭತ್ತ ಅಥವಾ ಮೆಣಸಿನಕಾಯಿ ಬೀಜ ಕೊಳ್ಳುವಾಗ ತಳಿಯ ಹೆಸರು ಕೇಳದ ರೈತರು ನಮ್ಮ ಜಿಲ್ಲೆಯಲ್ಲಿ ವಿರಳ. ಬೆಳೆಯ ಅವಧಿ ಎಷ್ಟು, ಎರೆಭೂಮಿಗೋ ಮಸಾರಿಗೋ, ನೀರು ಎಷ್ಟು ಬೇಡುತ್ತದೆ ಎಂದೆಲ್ಲ ವಿಚಾರಿಸಿದ ನಂತರವೇ ಅವರು ಹಣ ಎಣಿಸುತ್ತಾರೆ. ಆದರೆ ಅದೇ ರೈತರು ಮನೆಯ ಅಂಗಳಕ್ಕೆಂದು ಹೂವಿನ ಬೀಜ ಕೊಳ್ಳುವಾಗ ಪೊಟ್ಟಣದ ಮೇಲಿನ ಚಿತ್ರವನ್ನಷ್ಟೇ ನೋಡುತ್ತಾರೆ. ಪೆಟೂನಿಯದ ವಿಷಯದಲ್ಲಂತೂ ಹೀಗೆ ಆಗುವುದೇ ಹೆಚ್ಚು. ಬೀಜ ಮೊಳೆಯದಿದ್ದರೆ, ಹೂ ಬಿಟ್ಟ ವಾರದಲ್ಲೇ ಗಿಡ ಬಾಡಿದರೆ, “ಇದು ಬೆಂಗಳೂರಿನ ಹೂವು, ನಮ್ಮ ರಾಯಚೂರಿಗೆ ಬಾರದು” ಎಂದು ಕೈ ಬಿಡುತ್ತಾರೆ. ಈ ಮಾತು ಸರಿಯಲ್ಲ. ತಳಿ ಮತ್ತು ಕಾಲ ಸರಿಯಾಗಿ ಆರಿಸಿದರೆ ರಾಯಚೂರು ನಗರ, ದೇವದುರ್ಗ, ಮಾನ್ವಿ ಮೂರು ಕಡೆಯೂ ಪೆಟೂನಿಯ ಚೆನ್ನಾಗಿ ಬರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮಲ್ಲಿ ಇದು ಚಳಿಗಾಲದ ಹೂವು

ಪೆಟೂನಿಯದ ತವರು ದಕ್ಷಿಣ ಅಮೆರಿಕ. ಅಲ್ಲಿನ ಬಿಳಿ ಹೂವಿನ ಒಂದು ಕಾಡು ಜಾತಿ ಹಾಗೂ ನೇರಳೆ ಹೂವಿನ ಇನ್ನೊಂದು ಜಾತಿಯ ಸಂಕರದಿಂದ ಇಂದಿನ ತೋಟದ ತಳಿಗಳು ಹುಟ್ಟಿವೆ. ಇದು ತಂಬಾಕು, ಮೆಣಸಿನಕಾಯಿ, ಬದನೆ, ಟೊಮ್ಯಾಟೊಗಳ ಕುಟುಂಬಕ್ಕೇ ಸೇರಿದ್ದು. ಪೆಟೂನಿಯ ಎಂಬ ಹೆಸರು ಕೂಡ ತಂಬಾಕಿಗೆ ಅಲ್ಲಿನ ಮೂಲನಿವಾಸಿಗಳು ಬಳಸುತ್ತಿದ್ದ ಪದದಿಂದ ಬಂದಿದೆ.

ತಂಪು ದೇಶಗಳಲ್ಲಿ ಇದನ್ನು ಬೇಸಿಗೆಯಲ್ಲಿ ಬೆಳೆಯುತ್ತಾರೆ. ಪರದೇಶದ ಪೊಟ್ಟಣದ ಮೇಲೆ “ಬೇಸಿಗೆಯ ಹೂವು” ಎಂದು ಬರೆದಿರುವುದನ್ನು ನಂಬಿ ಫೆಬ್ರವರಿಯಲ್ಲಿ ಬಿತ್ತಿದರೆ, ಮೊಗ್ಗು ಕಾಣುವ ಹೊತ್ತಿಗೆ ನಮ್ಮಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ. ಬೀಜ ಮೊಳೆಯಲು 21ರಿಂದ 24 ಡಿಗ್ರಿ ಉಷ್ಣತೆ ಹಿತಕರ. ಬಿತ್ತಿದ 10ರಿಂದ 12 ವಾರಗಳಲ್ಲಿ ಹೂ ಆರಂಭವಾಗುತ್ತದೆ. ಆದ್ದರಿಂದ ದಸರೆಯ ಆಸುಪಾಸಿನಲ್ಲಿ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದೊಳಗೆ, ನೆರಳಿನ ಆಸರೆಯಲ್ಲಿ ಬಿತ್ತುವುದು ಸೂಕ್ತ. ಹೀಗೆ ಮಾಡಿದಲ್ಲಿ ಎಳ್ಳಮಾವಾಸ್ಯೆ, ಸಂಕ್ರಾಂತಿಗಳ ವೇಳೆಗೆ ಅಂಗಳ ಹೂವಿನಿಂದ ತುಂಬಿರುತ್ತದೆ. ಮಾರ್ಚ್ ಕೊನೆಗೆ ಗಿಡ ಸೊರಗಿದರೆ ಅದು ತಳಿಯ ದೋಷವಲ್ಲ, ಬೆಳೆಯ ಅವಧಿ ಮುಗಿಯಿತು ಎಂದು ತಿಳಿಯತಕ್ಕದ್ದು.

ದೊಡ್ಡ ಹೂವೋ, ಹೆಚ್ಚು ಹೂವೋ?

ಪೆಟೂನಿಯ ತಳಿಗಳಲ್ಲಿ ಮುಖ್ಯವಾಗಿ ನಾಲ್ಕು ಗುಂಪುಗಳಿವೆ.

ಗ್ರಾಂಡಿಫ್ಲೋರ ಗುಂಪಿನ ಹೂವುಗಳು 10 ಸೆಂ.ಮೀ. ಅಥವಾ ಅದಕ್ಕೂ ಅಗಲ. ಅಲ್ಟ್ರಾ, ಡ್ರೀಮ್ಸ್ ಮುಂತಾದವು ಈ ಗುಂಪಿನವು. ಪೊಟ್ಟಣದ ಚಿತ್ರದಲ್ಲಿ ಕಣ್ಸೆಳೆಯುವುವು ಇವೇ. ಆದರೆ ಅಗಲವಾದ ಮೆತ್ತನೆಯ ದಳಗಳು ಒಂದು ಮಳೆಗೆ ಹರಿದು ಕೊಳೆಯುತ್ತವೆ. ಒಣಗಾಳಿಗೆ ಬೇಗ ಬಾಡುತ್ತವೆ.

ಮಲ್ಟಿಫ್ಲೋರ ಗುಂಪಿನಲ್ಲಿ ಹೂವಿನ ಅಗಲ ಸುಮಾರು 5ರಿಂದ 7 ಸೆಂ.ಮೀ. ಮಾತ್ರ, ಸಂಖ್ಯೆ ಮಾತ್ರ ಬಹಳ ಹೆಚ್ಚು. ಗಿಡ ಗಿಡ್ಡ, ಒತ್ತಾದ ಕವಲು. ಮಳೆ, ಗಾಳಿ, ಬಿಸಿಲುಗಳ ನಂತರ ಬೇಗ ಚೇತರಿಸಿಕೊಳ್ಳುತ್ತದೆ. ಕಾರ್ಪೆಟ್ ಈ ಗುಂಪಿನದು. ಸೆಲೆಬ್ರಿಟಿ, ಮ್ಯಾಡ್ನೆಸ್ ಇದಕ್ಕೆ ಹತ್ತಿರದವು.

ಮಿಲಿಫ್ಲೋರ ಗುಂಪಿನ ಫ್ಯಾಂಟಸಿಯಂಥ ತಳಿಗಳು 3-4 ಸೆಂ.ಮೀ. ಹೂವಿನ ಪುಟ್ಟ ಗಿಡಗಳು. ಚಿಕ್ಕ ಕುಂಡಕ್ಕೆ ಒಪ್ಪುತ್ತವೆ. ನಾಲ್ಕನೆಯದು ನೆಲದ ಮೇಲೆ ಹಬ್ಬುವ ಗುಂಪು. 1995ರಲ್ಲಿ ಅಮೆರಿಕದ ತಳಿ ಪರೀಕ್ಷೆಗಳಲ್ಲಿ ಪ್ರಶಸ್ತಿ ಪಡೆದ ಪರ್ಪಲ್ ವೇವ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಒಂದೇ ಗಿಡ ಒಂದು ಮೀಟರಿನಷ್ಟು ಹಬ್ಬಬಲ್ಲದು. ಆದರೆ ನೀರು, ಗೊಬ್ಬರ ಎರಡನ್ನೂ ಹೆಚ್ಚು ಬೇಡುತ್ತದೆ. ಕುಡಿಯುವ ನೀರಿಗೇ ಕೊಡ ಸಾಲುಗಟ್ಟುವ ಓಣಿಯಲ್ಲಿ ಇದನ್ನು ನಾನು ಶಿಫಾರಸು ಮಾಡಲಾರೆ.

ಹೊಸದಾಗಿ ಬೆಳೆಯುವವರು ಒಂದೇ ಸುತ್ತಿನ ದಳದ ಮಲ್ಟಿಫ್ಲೋರವನ್ನೇ ಆರಿಸುವುದು ಲೇಸು. ದೊಡ್ಡ ಹೂವಿನ ಆಸೆಯಿದ್ದವರು ಪಡಸಾಲೆಯ ಸೂರಿನಡಿ ಎರಡು ಕುಂಡಗಳಲ್ಲಿ ಗ್ರಾಂಡಿಫ್ಲೋರ ಬೆಳೆಯಲಿ. ಬಯಲಿನ ಮಡಿಗೆ ಬೇಡ.

ಹೈಬ್ರಿಡ್ ಬೇಕೇ?

ಈ ಪ್ರಶ್ನೆಗೆ ಉತ್ತರ ನಮ್ಮ ಹತ್ತಿ ಬೆಳೆಗಾರರಿಗೆ ಗೊತ್ತಿರುವುದೇ ಆಗಿದೆ. ಧಾರವಾಡದಿಂದ 1972ರಲ್ಲಿ ವರಲಕ್ಷ್ಮಿ ಹತ್ತಿ ಬಂದಂದಿನಿಂದ, ಹೈಬ್ರಿಡ್ ಬೆಳೆಯ ಬೀಜವನ್ನು ಮರುವರ್ಷ ಬಿತ್ತಬಾರದೆಂಬುದನ್ನು ರೈತರು ಕಲಿತಿದ್ದಾರೆ. ಪೆಟೂನಿಯದಲ್ಲೂ ಅದೇ ನಿಯಮ. ಮೊದಲ ಪೀಳಿಗೆಯ ಗಿಡಗಳು ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಕಾಲಕ್ಕೆ ಹೂ. ಅವುಗಳ ಬೀಜ ಬಿತ್ತಿದರೆ ಎರಡನೆಯ ಪೀಳಿಗೆಯಲ್ಲಿ ಎತ್ತರ, ಬಣ್ಣ, ಗಾತ್ರ ಎಲ್ಲವೂ ಬೇರೆ ಬೇರೆಯಾಗಿ ಒಡೆದು ಹೋಗುತ್ತವೆ.

ಹೈಬ್ರಿಡ್ ಬೀಜ ದುಬಾರಿ ಏಕೆ ಎಂಬುದನ್ನೂ ತಿಳಿದಿರಬೇಕು. ಪ್ರತಿ ಮೊಗ್ಗಿನ ಕೇಸರಗಳನ್ನು ಅರಳುವ ಮೊದಲೇ ಕೈಯಿಂದ ಕಿತ್ತು, ಇನ್ನೊಂದು ತಳಿಯ ಪರಾಗವನ್ನು ಕೈಯಿಂದಲೇ ಹಚ್ಚಬೇಕು. ಈ ಕೆಲಸ ನಮ್ಮ ನಾಡಿಗೆ ಹೊಸದಲ್ಲ. 1965ರಲ್ಲಿ ಡಾ. ಮನಮೋಹನ ಅತ್ತಾವರ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯು ಮೊದಲಿಗೆ ಕೈಗೊಂಡದ್ದು ಪೆಟೂನಿಯದಂಥ ಹೂವುಗಳ ಹೈಬ್ರಿಡ್ ಬೀಜವನ್ನು ರಫ್ತಿಗಾಗಿ ಉತ್ಪಾದಿಸುವ ಕೆಲಸವನ್ನೇ. ತರಕಾರಿ ಹೈಬ್ರಿಡ್‌ಗಳು ಅನಂತರ ಬಂದವು. ರಾಣೇಬೆನ್ನೂರಿನ ಸುತ್ತಮುತ್ತ ಇಂದು ಸಣ್ಣ ರೈತರು ತರಕಾರಿ ಬೀಜೋತ್ಪಾದನೆಯಲ್ಲಿ ಮಾಡುತ್ತಿರುವುದೂ ಇದೇ ಬಗೆಯ ಕೈಗೆಲಸ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಪ್ರತಿ ವರ್ಷ ಹೊಸ ಬೀಜ ಕೊಳ್ಳಲು ಸಿದ್ಧರಿರುವವರು, ಸಸಿ ಬೆಳೆಸಿ ಮಾರುವವರು ಹೈಬ್ರಿಡ್ ಕೊಳ್ಳಲಿ. ಒಂದೇ ಸಮನಾದ ಸಸಿಗೆ ಗಿರಾಕಿಗಳಿದ್ದಾರೆ. ಆದರೆ ಹಳ್ಳಿಯ ಮನೆಯಂಗಳಕ್ಕೆ ಮುಕ್ತ ಪರಾಗಸ್ಪರ್ಶದ ಹಳೆಯ ತಳಿಗಳೇ ಲೇಸೆಂದು ನಾನು ಹೇಳುತ್ತೇನೆ. ಕೆಂಪು ಹೂವಿನ ಫೈರ್ ಚೀಫ್, ಗುಲಾಬಿ ಬಣ್ಣದ ರೋಸಿ ಮಾರ್ನ್ ಇಂಥವು. ಇವುಗಳ ಬೀಜ ಮನೆಯಲ್ಲೇ ಹಿಡಿಯಬಹುದು. ಒಂದು ಗ್ರಾಂನಲ್ಲಿ ಸುಮಾರು 10,000 ಬೀಜಗಳಿರುವುದರಿಂದ ಕೆಲವೇ ಕಾಯಿಗಳು ಇಡೀ ಓಣಿಗೆ ಸಾಕು. ಆದರೆ ಒಂದು ಎಚ್ಚರಿಕೆ: ಹಲವು ಬಣ್ಣದ ಮಿಶ್ರಣ ಬೇಡ. ಜೇನ್ನೊಣ, ಪತಂಗಗಳಿಂದ ಪರಸ್ಪರ ಪರಾಗಸ್ಪರ್ಶವಾಗಿ ಕೆಲವೇ ವರ್ಷಗಳಲ್ಲಿ ಎಲ್ಲವೂ ಬಿಳಿ, ನಸು ನೇರಳೆಗೆ ಇಳಿಯುತ್ತವೆ. ಒಂದೇ ಬಣ್ಣದ ತಳಿ ಬೆಳೆದು, ಬೇರೆ ಬಣ್ಣ ಕಂಡ ಗಿಡವನ್ನು ಮೊದಲ ಹೂವಿಗೇ ಕಿತ್ತು, ಕಾಯಿ ಕಂದು ಬಣ್ಣಕ್ಕೆ ತಿರುಗಿ ಒಡೆಯುವ ಮೊದಲು ಕೊಯ್ದು ಒಣಗಿಸಿಡಬೇಕು.

ಪೊಟ್ಟಣದ ಮೇಲೆ ಏನು ನೋಡಬೇಕು?

ತಳಿಯ ಹೆಸರು, ಗುಂಪು, ಹೈಬ್ರಿಡ್ ಹೌದೋ ಅಲ್ಲವೋ, ಲಾಟ್ ಸಂಖ್ಯೆ, ಪರೀಕ್ಷೆಯ ದಿನಾಂಕ, ಮೊಳಕೆಯ ಶೇಕಡಾ ಪ್ರಮಾಣ. ಅಧಿಸೂಚಿತ ತಳಿಗಳ ಬೀಜಕ್ಕೆ 1966ರ ಬೀಜ ಕಾಯಿದೆ ಚೀಟಿಯನ್ನು ಕಡ್ಡಾಯಗೊಳಿಸಿದೆ. ಹೂವಿನ ಬೀಜಕ್ಕೂ ಅದೇ ವಿವರ ಕೇಳುವ ರೂಢಿಯನ್ನು ನಾವೇ ಬೆಳೆಸಬೇಕು. ಹೆಸರಿಲ್ಲದೆ “ಪೆಟೂನಿಯ ಮಿಶ್ರಣ” ಎಂದಷ್ಟೇ ಇದ್ದರೆ ಕೊಳ್ಳದಿರುವುದೇ ಲೇಸು.

ಇದು ಅತಿಯಾದ ಎಚ್ಚರಿಕೆ ಎಂದು ಯಾರಾದರೂ ಹೇಳಬಹುದು. 2017ರಲ್ಲಿ ಫಿನ್ಲೆಂಡಿನಲ್ಲಿ ನಡೆದುದನ್ನು ನೋಡಿ. ಅಲ್ಲಿ ಮಾರಾಟವಾಗುತ್ತಿದ್ದ ಕಿತ್ತಳೆ ಬಣ್ಣದ ಪೆಟೂನಿಯಗಳಲ್ಲಿ ಮೆಕ್ಕೆಜೋಳದ ಜೀನ್ ಇರುವುದು ಪತ್ತೆಯಾಯಿತು. ಅನುಮತಿಯಿಲ್ಲದ ಈ ಕುಲಾಂತರಿ ಗಿಡಗಳು ಯುರೋಪು, ಅಮೆರಿಕಗಳ ಅಂಗಡಿಗಳನ್ನೂ ಸೇರಿದ್ದವು. ಅವನ್ನೆಲ್ಲ ಹಿಂತೆಗೆದು ನಾಶ ಮಾಡಬೇಕಾಯಿತು. ಹೆಸರು, ಲಾಟ್ ಸಂಖ್ಯೆ ಇದ್ದುದರಿಂದಲೇ ಯಾವುದನ್ನು ಹಿಂತೆಗೆಯಬೇಕೆಂದು ಗುರುತಿಸುವುದು ಸಾಧ್ಯ.

ಮಣ್ಣು ಮತ್ತು ಬಿತ್ತನೆ

ನಮ್ಮ ಎರೆಮಣ್ಣು ಕ್ಷಾರೀಯ. ಸುಣ್ಣದ ಅಂಶವೂ ಹೆಚ್ಚು. ಪೆಟೂನಿಯ ಕೊಂಚ ಆಮ್ಲೀಯ ಮಣ್ಣನ್ನು ಬಯಸುತ್ತದೆ. ಎರೆಯಲ್ಲಿ ನೇರವಾಗಿ ನೆಟ್ಟರೆ ಕಬ್ಬಿಣದ ಕೊರತೆಯಿಂದ ಎಳೆಯ ಎಲೆಗಳು ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಮಾನ್ವಿಯ ಕಾಲುವೆ ನೀರಿನ ಕೆಳಗಿನ ಸವಳು ಜಾಗಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಮಸಾರಿ ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಪಾಲು ಬೆರೆಸಿ ಕುಂಡದಲ್ಲಿ ಅಥವಾ ಎತ್ತರಿಸಿದ ಮಡಿಯಲ್ಲಿ ಬೆಳೆಯಿರಿ. ಹಳದಿ ಕಂಡರೆ ಲೀಟರಿಗೆ 2-3 ಗ್ರಾಂ ಅನ್ನಭೇದಿ ಕರಗಿಸಿ ಸಂಜೆ ಸಿಂಪಡಿಸಬಹುದು.

ಬೀಜ ಬಲು ಸಣ್ಣದು. ಮೊಳೆಯಲು ಬೆಳಕೂ ಬೇಕು. ನಯವಾದ ಒಣ ಮರಳಿನೊಂದಿಗೆ ಬೆರೆಸಿ ಮೇಲೆ ಉದುರಿಸಿ, ಮಣ್ಣು ಮುಚ್ಚಬೇಡಿ. ಮೇಲಿಂದ ನೀರು ಸುರಿಯದೆ ತಟ್ಟೆಯನ್ನು ನೀರಿನ ಪರಾತದಲ್ಲಿಟ್ಟು ತಳದಿಂದ ಹೀರಲು ಬಿಡಿ. ನೀರು ಹೆಚ್ಚಾದರೆ ಸಸಿಗಳು ಬುಡ ಕೊಳೆತು ಮಲಗುತ್ತವೆ. ಐದಾರು ಎಲೆಗಳಾದಾಗ ಒಂದಡಿ ಅಂತರದಲ್ಲಿ ನೆಟ್ಟು, ಗೇಣುದ್ದ ಬೆಳೆದಾಗ ತುದಿ ಚಿವುಟಿ.

ಮೆಣಸಿನಕಾಯಿ ಅಗೆಯಿಂದ ದೂರವಿಡಿ

ಇದು ಅತಿ ಮುಖ್ಯ. ಒಂದೇ ಕುಟುಂಬದ ಗಿಡವಾದ್ದರಿಂದ ನಂಜುರೋಗಗಳು, ಥ್ರಿಪ್ಸ್ ನುಸಿ, ಬಿಳಿ ನೊಣಗಳು ಪೆಟೂನಿಯದಲ್ಲೂ ಆಶ್ರಯ ಪಡೆಯುತ್ತವೆ. ದೇವದುರ್ಗ, ಮಾನ್ವಿಗಳಲ್ಲಿ ಮೆಣಸಿನಕಾಯಿ ಸಸಿಮಡಿಯನ್ನು ಮನೆಯ ಹತ್ತಿರವೇ ಹಾಕುವವರು ಅದರ ಪಕ್ಕದಲ್ಲಿ ಪೆಟೂನಿಯ ಇಡಬಾರದು. ಎಲೆ ಮುರುಟಿದ ಅಥವಾ ಮಚ್ಚೆ ಬಿದ್ದ ಗಿಡವನ್ನು ಮರುಕಪಡದೆ ಕಿತ್ತು ಸುಡಿ. ಬೀಡಿ, ತಂಬಾಕು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆದ ಮೇಲೆಯೇ ಸಸಿ ಮುಟ್ಟಿ.

ಪೆಟೂನಿಯ ಪೂಜೆಗಿಲ್ಲ, ಮುಡಿಗಿಲ್ಲ, ಮಾರುಕಟ್ಟೆಯಲ್ಲಿ ಸೇವಂತಿಗೆಯಂತೆ ತೂಗಿ ಮಾರುವಂತೆಯೂ ಇಲ್ಲ. ಇದರಿಂದ ರೈತನಿಗೇನು ಲಾಭ ಎಂಬ ಪ್ರಶ್ನೆ ಸಹಜ. ಮೂರು ತಿಂಗಳ ಚೆಲುವನ್ನು ಲಾಭವೆಂದು ಎಣಿಸದವರಿಗೂ ಒಂದು ಮಾತು ಹೇಳಬಹುದು. ಹತ್ತಿ ಬೀಜದಲ್ಲಿ ಮೋಸ ಹೋದರೆ ಒಂದು ವರ್ಷದ ಬದುಕೇ ಹೋಗುತ್ತದೆ. ಹೂವಿನ ಬೀಜದಲ್ಲಿ ಹೋಗುವುದು ಒಂದು ಪೊಟ್ಟಣದ ಬೆಲೆ. ಚೀಟಿ ಓದುವುದು, ತಳಿ ಕೇಳುವುದು, ಮೊಳಕೆ ಎಣಿಸುವುದು, ಬೆರಕೆ ಗಿಡ ಗುರುತಿಸುವುದು ಇವನ್ನು ಮನೆಯ ಹೆಣ್ಣುಮಕ್ಕಳೂ ಶಾಲೆಯ ಮಕ್ಕಳೂ ಅಂಗಳದಲ್ಲಿ ಅಗ್ಗವಾಗಿ ಕಲಿಯಬಹುದು. ನಾಳೆ ಹೊಲದ ಬೀಜ ಕೊಳ್ಳುವವರು ಅವರೇ. ಈ ದಸರೆಗೆ ಒಂದು ಪೊಟ್ಟಣ ಕೊಳ್ಳಿ. ಅಂಗಡಿಯವರಲ್ಲಿ ಮೊದಲು ತಳಿಯ ಹೆಸರು ಕೇಳಿ.