ಪ್ರೆಸ್ಸಿನ ಬಾಯಿ, ಕಾರ್ಮಿಕನ ಬೆರಳು

ಅಂಗಡಿಯ ಷಟರು, ಮನೆಯ ಬೀರು, ಹಾಸ್ಟೆಲ್ಲಿಗೆ ಹೊರಟ ಹುಡುಗನ ಟ್ರಂಕು, ಡೇರಿಯ ಹಾಲಿನ ಕ್ಯಾನು, ಮೋಟಾರು ಸೈಕಲ್ಲಿನ ಪೆಟ್ರೋಲ್ ಟ್ಯಾಂಕು: ಇವೆಲ್ಲವೂ ತಗಡಿನ ಕೆಲಸವೇ. ನಮ್ಮ ವಾಚಕರಲ್ಲಿ ಕೆಲವರು ಇವನ್ನು ಮಾರುವವರು, ಕೆಲವರು ಮಾಡುವವರು. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್.ನ ಕೆ.ಜಿ.ಎಫ್. ಕಾರ್ಖಾನೆ ಬುಲ್ಡೋಜರುಗಳಿಗೆ ದಪ್ಪ ಉಕ್ಕಿನ ಹಲಗೆ ಕತ್ತರಿಸಿ ಬೆಸೆಯುವ ವಿದ್ಯೆಯನ್ನು ಈ ಜಿಲ್ಲೆಗೆ ತಂದಿತು. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಆಮೇಲೆ ಮಾಲೂರು, ನರಸಾಪುರ, ವೇಮಗಲ್‌ಗಳ ಕೈಗಾರಿಕಾ ಪ್ರದೇಶಗಳು ಬೆಳೆದವು. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ಬೆಳಿಗ್ಗೆ ಬಸ್ಸು ಹತ್ತುವ ಹುಡುಗರು ಅಲ್ಲಿಗೆ ಹೋಗಿ ಕಲಿಯುವ ಕಸಬುಗಳಲ್ಲಿ ಇದೂ ಒಂದು.

ಕಸಬು ಸಣ್ಣದಲ್ಲ. ಮೊದಲು ಹಾಳೆಯನ್ನು ಯಂತ್ರದ ಕತ್ತರಿಯಲ್ಲಿ ಅಳತೆಗೆ ಕೊಯ್ಯಬೇಕು. ಪಂಚು ಮತ್ತು ಡೈ ನಡುವೆ ಇಟ್ಟು ತೂತು ಹೊಡೆಯಬೇಕು. ಎರಡರ ನಡುವಣ ಸಂದು ಹೆಚ್ಚಾದರೆ ಅಂಚಿನಲ್ಲಿ ಮುಳ್ಳು ಏಳುತ್ತದೆ. ಬಗ್ಗಿಸುವಾಗ ತಗಡು ತನ್ನ ಹಟ ಬಿಡುವುದಿಲ್ಲ, ಒತ್ತಡ ತೆಗೆದೊಡನೆ ತುಸು ಹಿಂದಕ್ಕೆ ಬರುತ್ತದೆ. ಆದ್ದರಿಂದ ಬಲ್ಲವನು ಬೇಕಾದ ಮೂಲೆಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿಯೇ ಬಗ್ಗಿಸುತ್ತಾನೆ. ಕಂಚುಗಾರನು ಸಾವಿರ ಸುತ್ತಿಗೆ ಏಟಿನಿಂದ ಎತ್ತುತ್ತಿದ್ದ ಪಾತ್ರೆಯ ಹೊಟ್ಟೆಯನ್ನು ಪ್ರೆಸ್ಸು ಒಂದೆರಡು ಒತ್ತಿನಲ್ಲಿ ಎಳೆದು ನಿಲ್ಲಿಸುತ್ತದೆ. ಆಗಲೂ ಅಂಚನ್ನು ಹಿಡಿದ ಬಿಗಿ ಕಡಮೆಯಾದರೆ ನೆರಿಗೆ, ಹೆಚ್ಚಾದರೆ ಹರಕು. ಕೊನೆಗೆ ಬೆಸುಗೆ, ಉಜ್ಜುವಿಕೆ, ಬಣ್ಣ. ಇಷ್ಟನ್ನೂ ಬಲ್ಲ ಕೈಯನ್ನು ‘ಹೆಲ್ಪರ್’ ಎಂದು ಹಾಜರಿ ಪುಸ್ತಕದಲ್ಲಿ ಬರೆಯುವುದು ನಮಗೆ ಅರ್ಥವಾಗದ ಲೆಕ್ಕವೇನೂ ಅಲ್ಲ.

ಆದರೆ ಈ ವಾರ ನಾವು ಹೇಳಹೊರಟಿರುವುದು ಕೂಲಿಯ ಮಾತಲ್ಲ, ಬೆರಳಿನ ಮಾತು.

ಸಣ್ಣ ಷೆಡ್ಡುಗಳಲ್ಲಿ ಕಾಣುವ ಹಳೆಯ ಬಗೆಯ ಪವರ್ ಪ್ರೆಸ್ಸನ್ನು ನೋಡಿ. ಭಾರಿ ಚಕ್ರವೊಂದು ಸದಾ ತಿರುಗುತ್ತಿರುತ್ತದೆ. ಕಾಲಿನಿಂದ ಪೆಡಲು ತುಳಿದರೆ ಕ್ಲಚ್ಚಿನ ಕೀಲಿ ಚಕ್ರಕ್ಕೆ ಸಿಕ್ಕಿಕೊಂಡು ರ‍್ಯಾಮು ಕೆಳಗಿಳಿಯುತ್ತದೆ. ಕೀಲಿ ಒಮ್ಮೆ ಸಿಕ್ಕಿಕೊಂಡರೆ ಸುತ್ತು ಪೂರಾ ಮುಗಿಯುವ ತನಕ ಯಂತ್ರವನ್ನು ನಿಲ್ಲಿಸಲು ಯಾರಿಂದಲೂ ಆಗದು. ಕೀಲಿ ಸವೆದಿದ್ದರೆ, ಸ್ಪ್ರಿಂಗು ಸೋತಿದ್ದರೆ, ತುಳಿಯದೆಯೇ ರ‍್ಯಾಮು ಎರಡನೆಯ ಬಾರಿ ಇಳಿಯುವುದೂ ಉಂಟು. ಆ ಹೊತ್ತಿಗೆ ಕಾರ್ಮಿಕನ ಕೈ ಆದ ತುಂಡನ್ನು ತೆಗೆಯಲು ಡೈ ಮೇಲೆ ಇರುತ್ತದೆ.

ಇಂಥ ಅನಾಹುತವಾದಾಗ ‘ಹುಡುಗ ಅಜಾಗರೂಕನಾಗಿದ್ದ’ ಎಂದು ಬರೆದು ಕಡತ ಮುಚ್ಚುವ ರೂಢಿಯನ್ನು ನಾವು ಒಪ್ಪುವುದಿಲ್ಲ. ಒಂದು ಪಾಳಿಯಲ್ಲಿ ಸಾವಿರಾರು ಬಾರಿ ಕೈ ಒಳಗಿಟ್ಟು ಹೊರಗೆ ತೆಗೆಯುವವನ ಗಮನ ಒಮ್ಮೆಯೂ ತಪ್ಪಬಾರದೆಂದರೆ ಅವನು ಮನುಷ್ಯನಾಗಿರಬಾರದು. ಕೈಯೇ ಒಳಗೆ ಹೋಗದಂತೆ ಮಾಡುವುದು ಸಾಧ್ಯ. ತಗಡು ಮಾತ್ರ ತೂರುವಷ್ಟು ಸಂದು ಬಿಟ್ಟು ಡೈ ಸುತ್ತ ಕಟ್ಟಿದ ಕಾವಲು, ತುಂಡು ಜಾರಿ ಬೀಳುವ ತೊಟ್ಟಿ, ಕೈಗೆ ಬದಲಾಗಿ ಇಕ್ಕಳ, ಇವಕ್ಕೆ ದೊಡ್ಡ ಬಂಡವಾಳ ಬೇಡ. ನಡುವೆಯೇ ನಿಲ್ಲಬಲ್ಲ ಕ್ಲಚ್ಚಿನ ಹೊಸ ಪ್ರೆಸ್ಸುಗಳಿಗೆ ಎರಡು ಕೈಯಿಂದಲೂ ಒತ್ತಬೇಕಾದ ಗುಂಡಿಗಳೂ ಬೆಳಕಿನ ಪರದೆಯೂ ಬಂದಿವೆ. ಒಂದು ಗುಂಡಿಯನ್ನು ತುಂಡು ಬಟ್ಟೆಯಿಂದ ಕಟ್ಟಿ ಲೆಕ್ಕ ಏರಿಸುವ ಗೆಳೆಯರಿಗೂ ಒಂದು ಮಾತು: ಆ ಲೆಕ್ಕ ನಾಳೆ ನಿಮಗೇ ಹೊಸ ಕೋಟಾ ಆಗಿ ಬರುತ್ತದೆ.

ಕಾನೂನು ಏನು ಮಾಡಿದೆ? 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮು ಅಪಾಯದ ಯಂತ್ರಭಾಗಕ್ಕೆ ಬೇಲಿ ಕಡ್ಡಾಯ ಮಾಡಿತ್ತು. ವಿದ್ಯುತ್ತು ಬಳಸುವ ಕಡೆ 10 ಜನ ದುಡಿದರೆ ಅದು ಕಾರ್ಖಾನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ಆ 10ನ್ನು 20 ಮಾಡಿತು. ಹತ್ತು ಜನರಿರುವ ಸಂಸ್ಥೆಯ ಮಾಲೀಕನಿಗೂ ಸಾಮಾನ್ಯ ಹೊಣೆ ಉಂಟೆಂದು ಸಂಹಿತೆ ಹೇಳುತ್ತದೆ, ನಿಜ. ಆದರೂ 12 ಜನ, 3 ಪ್ರೆಸ್ಸು ಇರುವ ಷೆಡ್ಡು ‘ಕಾರ್ಖಾನೆ’ ಎಂಬ ಹೆಸರಿನಿಂದಲೇ ಹೊರಗೆ ಬಿತ್ತು. ಜನ ಕಡಮೆ ಇದ್ದಾರೆಂದು ಪ್ರೆಸ್ಸು ಮೆಲ್ಲಗೆ ಇಳಿಯುತ್ತದೆಯೆ?

ಬೆರಳಿಗೆ ಬೆಲೆಯನ್ನೂ ಕಟ್ಟಿದ್ದಾರೆ. 1923ರಲ್ಲಿ ಹುಟ್ಟಿ 2025ರವರೆಗೆ ನಡೆದ ನಷ್ಟಪರಿಹಾರ ಕಾಯಿದೆಯ ಅನುಬಂಧದಲ್ಲಿ ಇಡೀ ತೋರುಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 14 ನಷ್ಟ, ಹೆಬ್ಬೆರಳಿಗೆ 30, ಒಂದು ಕೈಯ ನಾಲ್ಕು ಬೆರಳಿಗೆ 50. ತಿಂಗಳಿಗೆ 15,000 ರೂಪಾಯಿ ದುಡಿಯುವ 25 ವರ್ಷದ ಹುಡುಗನ ತೋರುಬೆರಳಿಗೆ ಆ ಕಾಯಿದೆಯ ಲೆಕ್ಕದಲ್ಲಿ ಬರುತ್ತಿದ್ದುದು ಸುಮಾರು 2,73,000 ರೂಪಾಯಿ, ಒಂದೇ ಬಾರಿಗೆ. ಇ.ಎಸ್.ಐ.ಗೆ ಸೇರಿದವನಿಗಾದರೆ ಬದುಕಿರುವ ತನಕ ಮಾಸಾಶನ. ಆದ್ದರಿಂದ ಕೆಲಸಕ್ಕೆ ಸೇರಿದ ದಿನವೇ ಹೆಸರು ನೋಂದಾಯಿತೋ ಇಲ್ಲವೋ ಎಂದು ಕೇಳಿ ತಿಳಿಯಿರಿ. ಹರಿಯಾಣದ ಮೋಟಾರು ಬಿಡಿಭಾಗದ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡವರನ್ನು ಕಂಡು ‘ಸೇಫ್ ಇನ್ ಇಂಡಿಯಾ’ ಎಂಬ ಸಂಸ್ಥೆ 2019ರಿಂದ ‘ಕ್ರಷ್ಡ್’ ಎಂಬ ವರದಿಗಳನ್ನು ತರುತ್ತಿದೆ. ಅಪಘಾತವಾದ ಮೇಲೆ ಇ.ಎಸ್.ಐ. ಚೀಟಿ ಕೈಗೆ ಬಂದವರ ಕಥೆ ಅದರಲ್ಲಿ ಬೇಕಾದಷ್ಟಿದೆ. ಹೆಚ್ಚಿನ ಗಾಯಗಳು ಇದೇ ಪವರ್ ಪ್ರೆಸ್ಸಿನವು.

ಸಣ್ಣ ಮಾಲೀಕನ ಕಷ್ಟವೂ ನಮಗೆ ತಿಳಿಯದೆ ಇಲ್ಲ. ತುಂಡಿಗೆ ಇಷ್ಟು ಪೈಸೆ ಎಂದು ದರ ಕಟ್ಟುವವನು ಅವನಲ್ಲ. ಮೇಲಿನ ದೊಡ್ಡ ಕಂಪೆನಿ. ಬಿಡಿಭಾಗದ ಅಂಚಿನಲ್ಲಿ ಕೂದಲೆಳೆಯ ಮುಳ್ಳಿದ್ದರೂ ಲಾರಿಯನ್ನೇ ವಾಪಸು ಕಳಿಸುವಷ್ಟು ಸೂಕ್ಷ್ಮ ಕಣ್ಣಿರುವ ಕಂಪೆನಿಗೆ, ಅದು ಕಾವಲಿಲ್ಲದ ಪ್ರೆಸ್ಸಿನಿಂದ ಬಂತೇ ಎಂಬುದು ಮಾತ್ರ ಕಾಣದೆಂದರೆ ನಂಬುವವರಾರು? ದರದಲ್ಲಿ ಕಾವಲಿನ ವೆಚ್ಚ ಸೇರಲಿ, ಕಾವಲಿಲ್ಲದ ಷೆಡ್ಡಿನ ಮಾಲು ಬೇಡವೆಂದು ಕರಾರಿನಲ್ಲಿ ಬರೆಯಲಿ.

ಸರ್ಕಾರದ ಕೆಲಸವೂ ಉಂಟು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕು ತಾಲ್ಲೂಕುಗಳಲ್ಲೂ ಪವರ್ ಪ್ರೆಸ್ಸು ಇರುವ ಪ್ರತಿಯೊಂದು ಷೆಡ್ಡನ್ನು, ತಲೆ ಎಣಿಸದೆ, ಪಟ್ಟಿ ಮಾಡಲಿ. ವರ್ಷಕ್ಕೊಮ್ಮೆ ಕ್ಲಚ್ಚು, ಕೀಲಿ, ಸ್ಪ್ರಿಂಗು ಬಿಚ್ಚಿಸಿ ನೋಡಲಿ, ನೋಡಿದ ತಾರೀಖನ್ನು ಯಂತ್ರದ ಮೇಲೆಯೇ ಬರೆಸಲಿ. ಹೋದ ಬೆರಳುಗಳ ಲೆಕ್ಕವನ್ನು ತಾಲ್ಲೂಕುವಾರು ಪ್ರಕಟಿಸಲಿ. ಅಲ್ಲಿಯವರೆಗೆ, ಪೆಡಲು ತುಳಿಯದೆ ರ‍್ಯಾಮು ಒಮ್ಮೆ ಇಳಿದುದನ್ನು ಕಂಡ ಕಾರ್ಮಿಕರು ಮೋಟಾರು ಆರಿಸಿ, ಪಕ್ಕದವರನ್ನು ಕರೆದು, ರಿಪೇರಿಯಾಗುವ ತನಕ ಆ ಪ್ರೆಸ್ಸಿಗೆ ಯಾರೂ ಕೈಹಾಕದಂತೆ ನೋಡಿಕೊಳ್ಳಬೇಕು.