ಹಳೆಯ ಜೂಮ್ ಲೆನ್ಸ್ ಡಿಜಿಟಲ್ ಕ್ಯಾಮೆರಾದಲ್ಲಿ ಮಸುಕಾಗಿ ಕಾಣುವುದೇಕೆ?

ಅಪ್ಪನ ಕಾಲದ ಫಿಲ್ಮ್ ಕ್ಯಾಮೆರಾದ ಲೆನ್ಸನ್ನು ಬೀರುವಿನಿಂದ ಹೊರತೆಗೆದು, ಒಂದು ಅಡಾಪ್ಟರ್ ಕೊಂಡು ತಂದು, ಇಂದಿನ ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಿ ನೋಡುವವರು ಸಾಕಷ್ಟು ಜನರಿದ್ದಾರೆ. ಮೊದಲ ಫೋಟೋ ಕಂಪ್ಯೂಟರಿನಲ್ಲಿ ತೆರೆದಾಗ ಹೆಚ್ಚಿನವರಿಗೆ ಆಗುವುದು ನಿರಾಸೆ. ಕಣ್ಣಿನ ರೆಪ್ಪೆಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ, ಅಂಗಡಿಯ ಬೋರ್ಡಿನ ಅಕ್ಷರಗಳ ಅಂಚು ಕರಗಿದಂತಿರುತ್ತದೆ. ಆದರೆ ಅದೇ ಲೆನ್ಸಿನಲ್ಲಿ ತೆಗೆದ ಮದುವೆಯ ಫೋಟೋಗಳು ಮನೆಯ ಆಲ್ಬಮ್ಮಿನಲ್ಲಿ ಈಗಲೂ ಸ್ಪಷ್ಟವಾಗಿಯೇ ಇವೆಯಲ್ಲ!

ಇದಕ್ಕೆ ಸಿಗುವ ಸಿದ್ಧ ಉತ್ತರ ಹೀಗಿದೆ: "ಹಳೆಯ ಲೆನ್ಸುಗಳನ್ನು ಫಿಲ್ಮಿಗಾಗಿ ಮಾಡಿದ್ದು, ಡಿಜಿಟಲ್‌ಗೆ ಅವು ಆಗಿಬರುವುದಿಲ್ಲ. ಮೆಗಾಪಿಕ್ಸೆಲ್ ಹೆಚ್ಚಾದಷ್ಟೂ ಚಿತ್ರ ಇನ್ನಷ್ಟು ಕೆಡುತ್ತದೆ." ಈ ಮಾತು ನಂಬಿ ಒಳ್ಳೆಯ ಲೆನ್ಸನ್ನು ಗುಜರಿಗೆ ಹಾಕಿದವರೂ ಇದ್ದಾರೆ. ಇದರಲ್ಲಿ ನಿಜ ಎಷ್ಟು?

ಒಂದು ನಿಜವಾದ ಲೆನ್ಸನ್ನೇ ಎದುರಿಗಿಟ್ಟುಕೊಂಡು ನೋಡೋಣ. ನಿಕಾನ್ ಕಂಪನಿ 1963ರಲ್ಲಿ ಮಾರುಕಟ್ಟೆಗೆ ತಂದ 43-86 ಮಿ.ಮೀ. ಎಫ್/3.5 ಜೂಮ್ ಅದು. ಅದಕ್ಕೂ ನಾಲ್ಕು ವರ್ಷ ಮೊದಲು, 1959ರಲ್ಲಿ, 35 ಮಿ.ಮೀ. ಸ್ಟಿಲ್ ಕ್ಯಾಮೆರಾಗಳ ಮೊದಲ ಜೂಮ್ ಎನಿಸಿದ ಫಾಕ್ಟ್‌ಲಾಂಡರ್ ಜೂಮಾರ್ (36-82 ಮಿ.ಮೀ.) ಬಂದಿತ್ತು. ಅದು ದೊಡ್ಡದು, ಭಾರದ್ದು. ನಿಕಾನ್ ಜೂಮ್ ಕೈಗೆ ಹಗುರವಾಗಿತ್ತು, 52 ಮಿ.ಮೀ. ಫಿಲ್ಟರ್ ಸಾಕಾಗುವಷ್ಟು ಚಿಕ್ಕದೂ ಆಗಿತ್ತು. ಚೆನ್ನಾಗಿ ಮಾರಾಟವಾಯಿತು. ಇಂದು ಅದೇ ಲೆನ್ಸಿಗೆ 'ನಿಕಾನಿನ ಅತಿ ಕೆಟ್ಟ ಲೆನ್ಸ್' ಎಂಬ ಬಿರುದು ಅಂಟಿಕೊಂಡಿದೆ.

ಅದರ ಬಳಿಯೂ ನಿಜವಾದ ದೋಷಗಳಿದ್ದವು, ಅಲ್ಲಗಳೆಯುವಂತಿಲ್ಲ. ಒಂದೇ ನಾಭಿದೂರದ ಲೆನ್ಸಿನಲ್ಲಿ ವಿನ್ಯಾಸಕಾರರು ದೋಷಗಳನ್ನು ಒಂದು ಸ್ಥಿತಿಯಲ್ಲಿ ಸರಿಪಡಿಸಿದರೆ ಸಾಕು. ಜೂಮಿನಲ್ಲಿ ಗಾಜುಗಳು ಹಿಂದೆ ಮುಂದೆ ಸರಿಯುತ್ತಿರುತ್ತವೆ. 43ರಲ್ಲಿ ಸರಿಮಾಡಿದ ದೋಷ 60ರಲ್ಲಿ ಬೇರೆ ರೂಪ ತಾಳುತ್ತದೆ, 86ರಲ್ಲಿ ಮತ್ತೊಂದು. ಗಾಜಿನ ಅಂಚಿನಿಂದ ಬರುವ ಕಿರಣಗಳು ನಡುವಿನಿಂದ ಬರುವ ಕಿರಣಗಳು ಸೇರುವ ಬಿಂದುವಿನಲ್ಲೇ ಸೇರದೆ ಚೂರು ಆಚೀಚೆ ಆಗುತ್ತವೆ. ಇದೇ ಗೋಳೀಯ ವಿಪಥನ. ಚಿತ್ರದ ಮೇಲೆ ತೆಳುವಾದ ಮಂಜಿನ ಪರದೆ ಹೊದಿಸಿದಂತೆ ಕಾಣಲು ದೊಡ್ಡ ಕಾರಣ ಇದು. ಈ ಲೆನ್ಸಿನಲ್ಲಿದ್ದದ್ದು ಒಂಬತ್ತೇ ಗಾಜುಗಳು. 43ರ ತುದಿಯಲ್ಲಿ ನೇರ ಗೆರೆಗಳು ಹೊರಕ್ಕೆ ಉಬ್ಬುತ್ತಿದ್ದವು, 86ರ ತುದಿಯಲ್ಲಿ ಒಳಕ್ಕೆ ಬಾಗುತ್ತಿದ್ದವು. 1970ರ ದಶಕದಲ್ಲಿ ನಿಕಾನ್ ಅದನ್ನು ಹನ್ನೊಂದು ಗಾಜುಗಳ ಹೊಸ ವಿನ್ಯಾಸಕ್ಕೆ ಬದಲಿಸಿತು, ಗುಣಮಟ್ಟ ಸಾಕಷ್ಟು ಸುಧಾರಿಸಿತು. ಹೆಸರು ಮಾತ್ರ ಅದೇ ಉಳಿದಿದ್ದರಿಂದ ಹಳೆಯದರ ಅಪಖ್ಯಾತಿಯನ್ನು ಹೊಸದೂ ಹೊರಬೇಕಾಯಿತು, ಪಾಪ.

ದೋಷ ಇದ್ದದ್ದು ನಿಜ ಎಂದ ಮೇಲೆ ಆಲ್ಬಮ್ಮಿನ ಫೋಟೋ ಚೆನ್ನಾಗಿರುವುದು ಹೇಗೆ? ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು.

ಫಿಲ್ಮಿನ ಒಂದು ಚೌಕಟ್ಟು 36 ಮಿ.ಮೀ. ಅಗಲ. ಸ್ಟುಡಿಯೋದವರು ಕೊಡುತ್ತಿದ್ದ ಪ್ರಿಂಟು ಆರು ಇಂಚು, ಅಂದರೆ ಸುಮಾರು 152 ಮಿ.ಮೀ. ಅಗಲ. ಹಿಗ್ಗಿದ್ದು ನಾಲ್ಕು ಪಟ್ಟು ಮಾತ್ರ. ಈಗ 24 ಮೆಗಾಪಿಕ್ಸೆಲ್ ಕ್ಯಾಮೆರಾ ತೆಗೆದುಕೊಳ್ಳಿ. ಅದರ ಚಿತ್ರ 6000 ಪಿಕ್ಸೆಲ್ ಅಗಲವಿರುತ್ತದೆ. ಇಂಚಿಗೆ ಸುಮಾರು 100 ಪಿಕ್ಸೆಲ್ ಇರುವ ಮಾನಿಟರಿನಲ್ಲಿ ನೀವು '100%' ಒತ್ತಿದಾಗ ನೋಡುತ್ತಿರುವುದು 60 ಇಂಚು, ಅಂದರೆ ಐದಡಿ ಅಗಲದ ಚಿತ್ರದ ಒಂದು ತುಂಡನ್ನು! ಅದೂ ಒಂದೂವರೆ ಅಡಿ ದೂರದಿಂದ. ಹಿಗ್ಗಿದ್ದು ನಲವತ್ತು ಪಟ್ಟಿಗಿಂತ ಹೆಚ್ಚು. ಮದುವೆಯ ಆ ನೆಗೆಟಿವನ್ನು ಐದಡಿ ಪ್ರಿಂಟು ಹಾಕಿಸಿ ಮೂಗು ತಾಗಿಸಿ ನೋಡಿದ್ದರೆ ಅಂದೇ ನಿರಾಸೆಯಾಗುತ್ತಿತ್ತು. ಅನುಮಾನವಿದ್ದರೆ ನಿಮ್ಮ ಡಿಜಿಟಲ್ ಫೋಟೋವನ್ನು 1800 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಆರು ಇಂಚಿನ ಪ್ರಿಂಟು ಹಾಕಿಸಿ ಆಲ್ಬಮ್ಮಿನ ಪಕ್ಕದಲ್ಲಿಟ್ಟು ನೋಡಿ.

ಇನ್ನು 'ಮೆಗಾಪಿಕ್ಸೆಲ್ ಹೆಚ್ಚಾದರೆ ಹಳೆಯ ಲೆನ್ಸ್ ಕೆಡುತ್ತದೆ' ಎಂಬ ಮಾತು. ಇದು ಪೂರ್ತಿ ತಪ್ಪು. ಒಂದು ಸೂಕ್ಷ್ಮ ವಿವರದ ಕಪ್ಪು-ಬಿಳುಪಿನ ವ್ಯತ್ಯಾಸ ಕೊನೆಯ ಚಿತ್ರದಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಸ್ಥೂಲವಾಗಿ ಲೆನ್ಸ್ ಮತ್ತು ಸೆನ್ಸರ್ ಎರಡರ ಗುಣಾಕಾರ. ಉದಾಹರಣೆಗೆ, ಲೆನ್ಸ್ ಶೇ. 50ರಷ್ಟನ್ನು ದಾಟಿಸಿ, ಸೆನ್ಸರ್ ಅದರಲ್ಲಿ ಶೇ. 50ರಷ್ಟನ್ನು ಉಳಿಸಿಕೊಂಡರೆ ನಿಮಗೆ ಸಿಗುವುದು ಶೇ. 25. ಇನ್ನೂ ಸಣ್ಣ ಪಿಕ್ಸೆಲ್‌ಗಳ ಸೆನ್ಸರ್ ಶೇ. 80ರಷ್ಟನ್ನು ಉಳಿಸಿಕೊಂಡರೆ ಸಿಗುವುದು ಶೇ. 40. ಲೆನ್ಸ್ ಅದೇ, ಚಿತ್ರ ಮೊದಲಿಗಿಂತ ಚೆನ್ನ. ಆದರೆ ಹೊಸ ಕ್ಯಾಮೆರಾದಲ್ಲಿ '100%' ಒತ್ತಿದಾಗ ಚಿತ್ರ ಇನ್ನೂ ದೊಡ್ಡದಾಗಿ ಹಿಗ್ಗುತ್ತದೆ, ಮಸುಕೂ ಅದರ ಜೊತೆ ಹಿಗ್ಗುತ್ತದೆ. ಭೂತಗನ್ನಡಿಯ ಶಕ್ತಿ ಹೆಚ್ಚಿಸಿ ಬಟ್ಟೆಯ ನೇಯ್ಗೆ ಕೆಟ್ಟಿತು ಅಂದ ಹಾಗೆ.

ಲೆನ್ಸಿನ ತಲೆಗೆ ಕಟ್ಟುವ ತಪ್ಪುಗಳಲ್ಲಿ ಬಹಳಷ್ಟು ಫೋಕಸ್ಸಿನವು ಎಂದು ನನಗನ್ನಿಸುತ್ತದೆ. 43-86ರ ಮೈಮೇಲೆ ಬಣ್ಣಬಣ್ಣದ ಗೆರೆಗಳು ಬೀಸಣಿಗೆಯಂತೆ ಹರಡಿವೆ, ನೋಡಲು ಬಹಳ ಚೆಂದ. ಯಾವ ಅಪರ್ಚರಿನಲ್ಲಿ ಎಷ್ಟು ದೂರದಿಂದ ಎಷ್ಟು ದೂರದವರೆಗೆ 'ಸ್ಪಷ್ಟ' ಎಂದು ಅವು ತೋರಿಸುತ್ತವೆ. ಇಂಥ ಗೆರೆಗಳನ್ನು ಹಾಕುವಾಗ ಫಿಲ್ಮಿನ ಮೇಲೆ ಸುಮಾರು 0.03 ಮಿ.ಮೀ. ಅಗಲದ ಚುಕ್ಕೆಯನ್ನೂ ಬಿಂದು ಎಂದೇ ಲೆಕ್ಕ ಹಿಡಿಯುತ್ತಿದ್ದರು. ನಾಲ್ಕು ಪಟ್ಟು ಹಿಗ್ಗಿಸಿದರೂ ಅದು ಕಣ್ಣಿಗೆ ಬಿಂದುವೇ. ಆದರೆ 24 ಮೆಗಾಪಿಕ್ಸೆಲ್ ಪೂರ್ಣ ಚೌಕಟ್ಟಿನ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ 0.006 ಮಿ.ಮೀ. ಇರುತ್ತದೆ. ಅಂದಿನ 'ಬಿಂದು' ಇಂದು ಐದು ಪಿಕ್ಸೆಲ್ ಅಗಲದ ಬೊಟ್ಟು. ಆ ಗೆರೆಗಳನ್ನು ನಂಬಿ ಫೋಕಸ್ ಬಿಟ್ಟರೆ ಹೊಸ ದುಬಾರಿ ಲೆನ್ಸ್ ಹಾಕಿದ್ದರೂ ಮಸುಕಾಗುತ್ತಿತ್ತು.

ಇನ್ನೊಂದು ತೊಡಕಿದೆ. ಈ ಲೆನ್ಸಿನಲ್ಲಿ ಜೂಮ್‌ಗೂ ಫೋಕಸ್ಸಿಗೂ ಒಂದೇ ಬಳೆ. ತಿರುಗಿಸಿದರೆ ಫೋಕಸ್, ಹಿಂದೆ ಮುಂದೆ ಎಳೆದರೆ ಜೂಮ್. ಎಳೆಯುವಾಗ ಕೈ ಚೂರು ತಿರುಗಿದರೂ ಫೋಕಸ್ ತಪ್ಪುತ್ತದೆ. ಆದ್ದರಿಂದ ಮೊದಲು ಜೂಮ್ ನಿಲ್ಲಿಸಿ, ಮಿರರ್‌ಲೆಸ್ ಕ್ಯಾಮೆರಾದ ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿಕೊಂಡು, ಕಡೆಗೆ ಫೋಕಸ್ ಮಾಡುವುದು ವಾಸಿ.

ಹಾಗಾದರೆ 'ಫಿಲ್ಮಿಗಾಗಿ ಮಾಡಿದ ಲೆನ್ಸ್' ಎಂಬುದರಲ್ಲಿ ಏನೂ ಹುರುಳಿಲ್ಲವೇ? ಇದೆ. ಸೆನ್ಸರಿನ ಮುಂದೆ ಗಾಜಿನ ಫಿಲ್ಟರುಗಳಿರುತ್ತವೆ, ಫಿಲ್ಮಿನ ಮುಂದೆ ಏನೂ ಇರುತ್ತಿರಲಿಲ್ಲ. ಕಿರಣಗಳು ತೀರಾ ಓರೆಯಾಗಿ ಬಂದರೆ ಈ ಗಾಜು ಅಂಚುಗಳನ್ನು ಕೆಡಿಸುತ್ತದೆ. ಆದರೆ ಇದು ಹೆಚ್ಚಾಗಿ ಕಾಡುವುದು ಫಿಲ್ಮಿಗೆ ಬಹಳ ಹತ್ತಿರ ಕೂರುವ, ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾಗಳ ಅಗಲ ನೋಟದ ಲೆನ್ಸುಗಳನ್ನು. ಎಸ್‌ಎಲ್‌ಆರ್‌ನಲ್ಲಿ ನಡುವೆ ಕನ್ನಡಿಗೆ ಜಾಗ ಬಿಡಬೇಕಿದ್ದುದರಿಂದ ಅದರ ಜೂಮ್‌ಗಳಿಗೆ ಈ ತೊಂದರೆ ಕಡಿಮೆ. ಎರಡನೆಯದು ಹೊಳಪು. ಸೆನ್ಸರ್ ಕನ್ನಡಿಯಂತೆ ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಅದು ಲೆನ್ಸಿನ ಹಿಂಬದಿಯ ಗಾಜಿಗೆ ತಗುಲಿ ಮತ್ತೆ ಸೆನ್ಸರಿಗೇ ಬೀಳುತ್ತದೆ. ಹಳೆಯ ಲೆನ್ಸುಗಳಲ್ಲಿ ಪ್ರತಿಫಲನ ತಡೆಯುವ ಲೇಪನ ಇಂದಿನಷ್ಟು ಚೆನ್ನಾಗಿರಲಿಲ್ಲ. ಎದುರು ಬಿಸಿಲಿನಲ್ಲಿ ಚಿತ್ರ ಬೆಳ್ಳಗೆ ಪೇಲವವಾಗುವುದು ಹೀಗೆ. ಅದಕ್ಕೆ ಮದ್ದು ಒಂದು ಹುಡ್, ಅದಿಲ್ಲದಿದ್ದರೆ ಅಂಗೈ ನೆರಳು.

ಪೂರ್ತಿ ತೆರೆದ ಎಫ್/3.5ರಲ್ಲಿ ಮಂಜು ಕವಿದಂತಿರುವ ಚಿತ್ರ ಎಫ್/8ಕ್ಕೆ ಬಂದಾಗ ಎಷ್ಟೋ ತಿಳಿಯಾಗುತ್ತದೆ, ಏಕೆಂದರೆ ದಾರಿ ತಪ್ಪುವ ಅಂಚಿನ ಕಿರಣಗಳನ್ನು ಅಪರ್ಚರ್ ತಡೆದುಬಿಡುತ್ತದೆ. ಹಾಗೆಂದು ಎಫ್/16ಕ್ಕೆ ಹೋದರೆ ಇನ್ನೂ ಚೆನ್ನಾಗುವುದಿಲ್ಲ. ಸಣ್ಣ ಕಿಂಡಿಯಲ್ಲಿ ನುಸುಳುವ ಬೆಳಕು ವಿವರ್ತನೆಯಿಂದ ಹರಡಿಕೊಳ್ಳುತ್ತದೆ. ಎಫ್/8ರಲ್ಲಿ ಈ ಹರಡಿದ ಚುಕ್ಕೆ ಸುಮಾರು 0.011 ಮಿ.ಮೀ. ಇದ್ದರೆ ಎಫ್/16ರಲ್ಲಿ ಅದರ ಎರಡರಷ್ಟು. ಗೆರೆಗಳ ಬಾಗು ಮತ್ತು ಅಂಚಿನಲ್ಲಿ ಕಾಣುವ ಬಣ್ಣದ ಎಳೆಗಳನ್ನು ಸಾಫ್ಟ್‌ವೇರಿನಲ್ಲಿ ತಿದ್ದಬಹುದು. ಫೋಕಸ್ ತಪ್ಪಿದ್ದನ್ನು, ಕೈ ಅಲುಗಿದ್ದನ್ನು ತಿದ್ದುವುದು ಕಷ್ಟ.

ಇಷ್ಟೆಲ್ಲ ಮಾಡಿದರೂ, ಎಫ್/8ರಲ್ಲೂ ಮಂಜು ಹೋಗದಿದ್ದರೆ ದೋಷ ವಿನ್ಯಾಸದ್ದಲ್ಲ, ವಯಸ್ಸಿನದ್ದು ಇರಬಹುದು. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಒಂದು ಬದಿಯಿಂದ ಮೊಬೈಲ್ ಟಾರ್ಚ್ ಹಿಡಿದು, ಇನ್ನೊಂದು ಬದಿಯಿಂದ ತುಸು ಓರೆಯಾಗಿ ನೋಡಿ. ಒಳಗಿನ ಗ್ರೀಸ್ ಆವಿಯಾಗಿ ಗಾಜಿನ ಮೇಲೆ ಕುಳಿತಿದ್ದರೆ ತೆಳು ಪೊರೆ ಕಾಣುತ್ತದೆ. ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಶಿಲೀಂಧ್ರ. ಮಲೆನಾಡು, ಕರಾವಳಿಯ ಮಳೆಗಾಲ ಕಳೆದ ಲೆನ್ಸುಗಳಿಗೆ, ಅದರಲ್ಲೂ ಚರ್ಮದ ಚೀಲದಲ್ಲೇ ಮುಚ್ಚಿಟ್ಟವಕ್ಕೆ, ಇದು ಹಳೆಯ ನೆಂಟ. ಪೊರೆಯನ್ನು ತಿಳಿದವರು ಬಿಚ್ಚಿ ಒರೆಸಿದರೆ ಲೆನ್ಸ್ ಎಷ್ಟೋ ಚೇತರಿಸಿಕೊಳ್ಳುತ್ತದೆ. ಶಿಲೀಂಧ್ರ ಬಹಳ ಕಾಲ ಇದ್ದರೆ ಅದು ಬಿಡುವ ಆಮ್ಲ ಲೇಪನವನ್ನೂ ಗಾಜನ್ನೂ ಕೊರೆದಿರುತ್ತದೆ, ಆ ಗುರುತು ಒರೆಸಿದರೆ ಹೋಗುವಂಥದ್ದಲ್ಲ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತವೆ, ಬೆಳೆಯಲು ಅವಕ್ಕೆ ಬೇಕಿರುವುದು ತೇವ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಜೆಲ್ ತೇವ ಹೀರಿ ಬಣ್ಣ ಬದಲಿಸಿದಾಗ ಅದನ್ನು ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿದರಾಯಿತು.

ಲೆನ್ಸ್ ಜೋಡಿಸುವ ಮೊದಲು ಇದೊಂದನ್ನು ನೋಡಿಕೊಳ್ಳಿ. ನಿಕಾನ್ 1977ರಲ್ಲಿ ಎ.ಐ. ಎಂಬ ಹೊಸ ವ್ಯವಸ್ಥೆ ತಂದಿತು. ಅದಕ್ಕೂ ಹಿಂದಿನ, ಮಾರ್ಪಾಡು ಮಾಡಿಸದ ಲೆನ್ಸನ್ನು ನಿಕಾನಿನ ಹಲವು ಡಿಎಸ್‌ಎಲ್‌ಆರ್‌ಗಳಿಗೆ ಒತ್ತಿ ತಿರುಗಿಸಿದರೆ, ಅಪರ್ಚರ್ ಬಳೆಯ ಅಂಚು ಕ್ಯಾಮೆರಾ ಬಾಯಿಯ ಸಣ್ಣ ಹಿಡಿಕೆಗೆ ತಗುಲಿ ಅದು ಮುರಿಯಬಹುದು. ಮಿರರ್‌ಲೆಸ್ ಕ್ಯಾಮೆರಾಕ್ಕೆ ಹಾಕುವ, ಒಳಗೆ ಬರೀ ಗಾಳಿಯಿರುವ ಸಾದಾ ಕೊಳವೆಯಂಥ ಅಡಾಪ್ಟರಿನಲ್ಲಿ ಆ ಹಿಡಿಕೆಯೇ ಇರುವುದಿಲ್ಲ.